ಬಿಳಿ ದಾರದ ಕಟ್ಟು

ಅವಳು ಕಾಗದಗಳ ಅಂಚನ್ನು ಮೇಜಿನ ಮೇಲೆ ತಟ್ಟಿ ತಟ್ಟಿ ಸಮ ಮಾಡಿದಳು. ಎಡಗಡೆಯ ಮೂಲೆಯಲ್ಲಿ ದಬ್ಬಳದಿಂದ ತೂತು ಹೊಡೆದಳು. ಸೂಜಿಗೆ ಬಿಳಿ ದಾರ ಪೋಣಿಸಿ, ಹಿಂದಿನಿಂದ ಮುಂದಕ್ಕೆ, ಮುಂದಿನಿಂದ ಹಿಂದಕ್ಕೆ ಎಳೆದು ಗಂಟು ಹಾಕಿದಳು. ಎದುರಿಗೆ ಕೂತಿದ್ದ ವಕೀಲರು ಬೇರೆ ಯಾವುದೋ ಕಟ್ಟಿನಲ್ಲಿ ಮುಳುಗಿದ್ದರು. ದಾರ ಕತ್ತರಿಸಲು ಕತ್ತರಿ ಪಕ್ಕದಲ್ಲೇ ಇತ್ತು. ಅಂದು ಮಾತ್ರ ಅವಳು ಅದನ್ನು ಮರೆತು ಹಲ್ಲಿನಿಂದ ಕಚ್ಚಿ ತುಂಡರಿಸಿದಳು. ವಕೀಲರು ಕನ್ನಡಕದ ಮೇಲಿನಿಂದ ಒಮ್ಮೆ ನೋಡಿ ಮತ್ತೆ ತಲೆ ತಗ್ಗಿಸಿದರು.

ಆ ಕಟ್ಟು ಅವಳ ಅಕ್ಕ ಕೊಳ್ಳಬೇಕೆಂದಿದ್ದ ಮನೆಯದು.

ಆ ಕಚೇರಿಗೆ ಒಂದು ಪದ್ಧತಿಯಿತ್ತು. ಹುಡುಕಿ ತಂದ ಕಾಗದಗಳಿಗೆ ಬಿಳಿ ದಾರ. ವಕೀಲರು ಅವನ್ನು ಮೊದಲಿನಿಂದ ಕೊನೆಯವರೆಗೆ ಓದಿ, ಮಾರುವವರಿಗೆ ಮಾರುವ ಹಕ್ಕು ನಿಜವಾಗಿಯೂ ಇದೆ ಎಂದು ಮನಗಂಡ ಮೇಲೆ ಬಿಳಿ ದಾರವನ್ನು ಬಿಚ್ಚಿ ಬಿಸಾಡಿ, ಅದೇ ತೂತುಗಳಲ್ಲಿ ಕೆಂಪು ದಾರ ಹೊಲಿಯುತ್ತಿದ್ದರು. ವಯಸ್ಸಾದ ಕೈ ನಡುಗಿ ಸೂಜಿ ಬೆರಳಿಗೆ ಚುಚ್ಚಿದರೂ ಆ ಹೊಲಿಗೆಯನ್ನು ಬೇರೆ ಯಾರಿಗೂ ಬಿಡುತ್ತಿರಲಿಲ್ಲ.

ಅವಳ ಪಾಲಿಗೆ ಬಂದದ್ದು ಬಿಳಿ ದಾರ. ನೋಂದಣಿ ಕಚೇರಿಯ ದಾಖಲೆ ಕೋಣೆಗೆ ಹೋಗುವುದು, ಹೆಸರುಗಳ ಸೂಚಿ ಪುಸ್ತಕ ತಿರುವುವುದು, ಆ ಮನೆಯ ಮೇಲೆ ಯಾರು ಯಾವಾಗ ಏನು ಬರೆಸಿದ್ದರೂ ಅದರ ನಕಲು ತರುವುದು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಹಳೇ ಕಾಗದ ಯಾವ ಉಪಯೋಗಕ್ಕೂ ಬಾರದ್ದೆಂದು ಬಿಟ್ಟುಬಂದಿದ್ದಳು. ವಕೀಲರು ಬೈಯಲಿಲ್ಲ. ಇರುವೆ ಸಕ್ಕರೆಯನ್ನೂ ಹೊತ್ತು ತರುತ್ತದೆ, ಸತ್ತ ನೊಣವನ್ನೂ ಹೊತ್ತು ತರುತ್ತದೆ, ಯಾವುದು ಬೇಕು ಯಾವುದು ಬೇಡ ಎಂದು ದಾರಿಯಲ್ಲಿ ಕೂತು ಯೋಚಿಸುವುದಿಲ್ಲ, ನೀನೂ ಹಾಗಿರು ಎಂದಿದ್ದರು. ಆ ಮಾತು ಹೇಗೋ ದಾಖಲೆ ಕೋಣೆಯ ಗುಮಾಸ್ತನ ಕಿವಿಗೆ ಬಿದ್ದು, ಅಂದಿನಿಂದ ಅಲ್ಲಿ ಅವಳಿಗೆ ಇರುವೆ ಎಂದೇ ಹೆಸರಾಯಿತು. ಅವಳಿಗೆ ಬೇಸರವಾಗಲಿಲ್ಲ. ಗೋಡೆಗೆ ಅಂಟಿಕೊಂಡು ನಡೆಯುವುದು, ಯಾರ ಕಣ್ಣಿಗೂ ಬೀಳದೆ ತನ್ನ ಕೆಲಸ ಮುಗಿಸುವುದು ಅವಳಿಗೆ ಮೊದಲಿನಿಂದ ಬಂದದ್ದೇ.

ಮನೆಯಲ್ಲಿ ಮಾತ್ರ ಈ ಕೆಲಸದ ಕಥೆ ಬೇರೆಯಾಗಿತ್ತು. ಅಮ್ಮ ತೀರಿಕೊಂಡ ಮೇಲೆ ಶಾಲೆ ಬಿಟ್ಟವಳು ಅವಳು. ಓದು ತಲೆಗೆ ಹತ್ತಲಿಲ್ಲವಂತೆ ಎಂದು ಮೆಟ್ಟಿಲ ಮೇಲೆ ಸಿಕ್ಕಿದವರು ಆಡಿಕೊಂಡಾಗ ಅಕ್ಕನಿಗೆ ಮೈ ಉರಿಯುತ್ತಿತ್ತು. ವಕೀಲರ ಕಚೇರಿ ಸೇರಿದ ಮೇಲೆ ಅಕ್ಕನಿಗೆ ಒಂದು ಆಯುಧ ಸಿಕ್ಕ ಹಾಗಾಯಿತು. ನಮ್ಮ ಹುಡುಗಿ ಮನೆ ಪತ್ರ ನೋಡಿ ಪಾಸು ಮಾಡ್ತಾಳೆ, ಅವಳು ಕಟ್ಟು ಕಟ್ಟಿದಳು ಅಂದ್ರೆ ಮುಗೀತು ಎಂದು ಮೂರು ಅಂತಸ್ತಿಗೂ ಸಾರಿಬಿಟ್ಟಳು. ಅವಳು ಅದನ್ನು ಹೌದೆನ್ನಲೂ ಇಲ್ಲ, ಅಲ್ಲವೆನ್ನಲೂ ಇಲ್ಲ. ತಲೆ ತಗ್ಗಿಸಿದಳು. ನಾಚಿಕೆಯವರು ತಲೆ ತಗ್ಗಿಸಿದರೆ ಕೇಳಿದವರು ತಮಗೆ ಬೇಕಾದ ಉತ್ತರವನ್ನು ತಾವೇ ಹೆಕ್ಕಿಕೊಳ್ಳುತ್ತಾರೆ. ಮತ್ತೆ, ಸುಳ್ಳಾಡುವುದೇಕೆ, ಆ ಮಾತು ಕಿವಿಗೆ ಹಿತವಾಗಿಯೂ ಇತ್ತು.

ಭಾವ ವೈರಿಂಗ್ ಕೆಲಸದವನು. ಏಣಿಯಿಂದ ಬಿದ್ದು ಮೊಣಕಾಲು ಹೋದ ಮೇಲೆ ಮೂರನೇ ಅಂತಸ್ತಿನ ಆ ಎರಡು ಕೋಣೆಗಳೇ ಅವನ ಲೋಕ. ಕಿಟಕಿಯ ಬಳಿ ಕೂತು ಯಾರಾದರೂ ತಂದುಕೊಟ್ಟ ಫ್ಯಾನು, ಇಸ್ತ್ರಿಪೆಟ್ಟಿಗೆ ಬಿಚ್ಚಿ ಸರಿಮಾಡುತ್ತಿದ್ದ. ತರುವವರು ಕಡಿಮೆ. ಕೆಲಸಕ್ಕೂ ಮೊಣಕಾಲು ನೋವು ಕಣೇ, ಮೆಟ್ಟಿಲು ಹತ್ತಲ್ಲ ಎಂದು ಅವನೇ ನಗುತ್ತಿದ್ದ. ನಕ್ಕ ಮೇಲೆ ಕಿಟಕಿಯಿಂದ ಕೆಳಗಿನ ಬೀದಿಯನ್ನು ನೋಡುತ್ತಾ ಕೂತುಬಿಡುತ್ತಿದ್ದ. ಆ ನೋಟ ಅಕ್ಕನಿಗೆ ಸಹಿಸಲಾಗುತ್ತಿರಲಿಲ್ಲ.

ಹಾಗಾಗಿ ಆ ಮನೆ. ನೆಲದ ಮೇಲಿನ ಮನೆ, ಬೀದಿಗೆ ತೆರೆಯುವ ಮುಂದಿನ ಕೋಣೆ, ಅಗಲವಾದ ಬಾಗಿಲು. ಮೊದಲ ಸಲ ನೋಡಲು ಹೋದಾಗಲೇ ಅಕ್ಕ ಇಲ್ಲಿ ನಿಮ್ಮ ಭಾವನ ಮೇಜು, ಇಲ್ಲಿ ಬೋರ್ಡು, ಇಲ್ಲಿ ಬಂದವರಿಗೆ ಕೂರೋಕೆ ಒಂದು ಬೆಂಚು ಎಂದು ಖಾಲಿ ಕೋಣೆಯಲ್ಲಿ ಓಡಾಡಿದ್ದಳು. ಮಾರುವವರು, ಒಬ್ಬ ಬಿಳಿ ಮೀಸೆಯ ಹಿರಿಯರು, ಬಾಗಿಲಿಗೆ ಒರಗಿ ನಗುತ್ತಾ ನಿಂತಿದ್ದರು. ಅಪ್ಪನಿಗೆ ನಾನೊಬ್ಬನೇ, ಆಮೇಲೆ ಯಾರ ತಂಟೆಯೂ ಇರೋದಿಲ್ಲ ಎಂದು ತಾವಾಗಿಯೇ ಹೇಳಿದ್ದರು. ಯಾರೂ ಕೇಳಿರಲಿಲ್ಲ.

ಸ್ವಂತ ಅಕ್ಕನ ಮನೆಯದ್ದನ್ನು ತಾನು ಹುಡುಕಬಹುದೇ ಎಂದು ಅವಳು ವಕೀಲರನ್ನು ಕೇಳಿದ್ದಳು. ಹುಡುಕುವುದಕ್ಕೆ ನೆಂಟಸ್ತಿಕೆ ಅಡ್ಡ ಬರುವುದಿಲ್ಲ, ಇದ್ದದ್ದನ್ನು ತರುವುದು ತಾನೆ, ಓದುವವನು ನಾನು ಎಂದಿದ್ದರು.

ಆ ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಅಕ್ಕ ಕಾಗದ ಎಲ್ಲ ಸಿಕ್ಕಿತೇ ಎಂದು ಕೇಳಿದ್ದಳು. ಸಿಕ್ಕಿತು, ಇವತ್ತು ಕಟ್ಟು ಕಟ್ಟುತ್ತೇನೆ ಎಂದು ಅವಳು ಚಪ್ಪಲಿ ಮೆಟ್ಟಿಕೊಂಡು ಓಡಿದ್ದಳು. ಅಷ್ಟೇ ಆಡಿದ್ದು.

ಸಂಜೆ ಮೆಟ್ಟಿಲು ಹತ್ತಿ ಬಂದರೆ ಬಾಗಿಲ ತುಂಬ ಖಾಲಿ ರಟ್ಟಿನ ಪೆಟ್ಟಿಗೆಗಳು. ಅಕ್ಕ ನೆಲದ ಮೇಲೆ ಕೂತು ಹಳದಿ ಬಟ್ಟೆಯೊಂದನ್ನು ಅಳೆಯುತ್ತಿದ್ದಳು. ಹೊಸ ಮನೆಯ ಕಿಟಕಿಗೆ ಪರದೆ.

"ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿತಾಳೆ ನೋಡು ನಿಮ್ಮಕ್ಕ" ಎಂದ ಭಾವ.

"ಹುಟ್ಟಿಯಾಯ್ತು ರೀ ಕೂಸು. ಇವಳು ಕಟ್ಟಿದಾಳಲ್ಲ ಕಟ್ಟು, ಇನ್ನೇನು?" ಎಂದು ಅಕ್ಕ ಬಾಯಲ್ಲಿದ್ದ ಗುಂಡುಸೂಜಿ ತೆಗೆದಳು. ಮಧ್ಯಾಹ್ನವೇ ಹೋಗಿ ಮಾರುವವರಿಗೆ ಅಡ್ವಾನ್ಸ್ ಕೊಟ್ಟುಬಂದಿದ್ದಳು. ಅದಕ್ಕೆ ಕಿವಿಯಲ್ಲಿದ್ದದ್ದೂ ಹೋಗಿತ್ತು, ಭಾವನ ಕೊರೆಯುವ ಯಂತ್ರವೂ ಹೋಗಿತ್ತು. ಈಗಿನ ಮನೆಯ ಮಾಲೀಕನಿಗೆ ತಿಂಗಳ ಕೊನೆಗೆ ಖಾಲಿ ಮಾಡುತ್ತೇವೆ ಎಂದು ಹೇಳಿಯೂ ಆಗಿತ್ತು. ಅವನು ಆಗಲೇ ಯಾರಿಗೋ ಕೋಣೆ ತೋರಿಸಿಕೊಂಡು ಹೋಗಿದ್ದ.

ಬಿಳಿ ದಾರ ಅಕ್ಕ, ಇನ್ನೂ ಬಿಳಿ ದಾರ ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂತು. ಪರದೆಯ ಇನ್ನೊಂದು ತುದಿ ಹಿಡಿ ಎಂದಳು ಅಕ್ಕ. ಹಿಡಿದಳು. ಏನೂ ಆಗುವುದಿಲ್ಲ, ನಾಳೆ ವಕೀಲರು ಕೆಂಪು ದಾರ ಹೊಲಿದುಬಿಟ್ಟರೆ ಯಾರಿಗೂ ಗೊತ್ತೇ ಆಗುವುದಿಲ್ಲ ಎಂದು ತನ್ನನ್ನೇ ಸಮಾಧಾನ ಮಾಡಿಕೊಂಡಳು. ಬಟ್ಟೆಯ ತುದಿ ಮಾತ್ರ ಕೈಯಿಂದ ಜಾರಿತು. ನೆಟ್ಟಗೆ ಹಿಡಿಯೇ ಎಂದು ಅಕ್ಕ ಗದರಿದಳು.

ಮರುದಿನ ವಕೀಲರ ಮುಂದೆ ಆ ಕಟ್ಟು ತೆರೆದಿತ್ತು. ಅವರು ಪೆನ್ಸಿಲನ್ನು ತಲೆಕೆಳಗಾಗಿ ಹಿಡಿದು, ರಬ್ಬರಿನ ತುದಿಯಿಂದ ಒಂದು ಹಾಳೆಯನ್ನು ಮೆಲ್ಲಗೆ ಕುಟ್ಟುತ್ತಿದ್ದರು. ಅವಳಿಗೆ ಅದು ಯಾವ ಹಾಳೆಯೆಂದು ದೂರದಿಂದಲೇ ಗೊತ್ತಾಯಿತು. ಮಾರುವವರ ತಂದೆ ಬಹಳ ಹಿಂದೆ ಮನೆಯನ್ನು ಅಡವಿಟ್ಟು ಸಾಲ ಪಡೆದಿದ್ದ ಪತ್ರ. ಸಾಲ ತೀರಿತ್ತು. ತೀರಿದ ಪತ್ರವನ್ನು ಅದರ ಬೆನ್ನಿಗೇ ಜೋಡಿಸಿದ್ದಳು.

"ಇದನ್ನ ಓದಿದ್ಯಾ?"

"ಸಾಲ ತೀರಿದೆ ಸಾರ್. ಅಪ್ಪ ಇದ್ದಾಗಲೇ ತೀರಿಸಿದಾರೆ. ಹಿಂದಿನ ಹಾಳೇಲಿದೆ."

"ಸಾಲ ತೀರ್ತು. ಮಗಳು?"

ಅವಳಿಗೆ ಅರ್ಥವಾಗಲಿಲ್ಲ. ವಕೀಲರು ಪೆನ್ಸಿಲಿನಿಂದ ಒಂದು ಸಾಲನ್ನು ತೋರಿಸಿದರು. ಸಾಲ ಏತಕ್ಕೆಂದು ಬರೆಯುವ ಜಾಗದಲ್ಲಿ, ನನ್ನ ಮಗಳ ಮದುವೆಯ ಖರ್ಚಿನ ಸಲುವಾಗಿ, ಎಂದಿತ್ತು. ಮಗಳ ಹೆಸರೂ ಇತ್ತು, ಅಳಿಯನಾಗುವವನ ಹೆಸರೂ ಇತ್ತು, ಅವನು ದರ್ಜಿ ಎಂದೂ ಇತ್ತು. ನಕಲು ತೆಗೆಯುವಾಗ ಅವಳು ಅದನ್ನು ಅಕ್ಷರ ಬಿಡದೆ ಬರೆದುಕೊಂಡಿದ್ದಳು. ಕಣ್ಣು ಅದರ ಮೇಲೆ ಹರಿದುಹೋಗಿತ್ತು, ಅಷ್ಟೇ.

"ಇಬ್ಬರು ಮಕ್ಕಳು. ಅಪ್ಪ ಸತ್ತ ಮೇಲೆ ಮನೆ ಒಬ್ಬನ ಹೆಸರಿಗೆ ಬಂತು" ಎಂದರು ವಕೀಲರು. "ಆ ಹೆಣ್ಣುಮಗಳು ತೀರಿಕೊಂಡಿದ್ರೆ ಅದರ ಕಾಗದ ಎಲ್ಲಿ? ನಂಗೆ ಪಾಲು ಬೇಡ ಅಂದಿದ್ರೆ ಅದರ ಕಾಗದ ಎಲ್ಲಿ?"

"ಅಂಥದ್ದು ಯಾವುದೂ ಇರ್ಲಿಲ್ಲ ಸಾರ್. ನಾನು ಎಲ್ಲಾ ಪುಸ್ತಕ ನೋಡಿದೆ."

"ನೀನು ಸರಿಯಾಗೇ ನೋಡಿದೀಯ. ಇದ್ದದ್ದನ್ನ ನೀನು ತಂದೆ. ಇಲ್ಲದ್ದನ್ನ ನಾನು ಓದ್ತಾ ಇದೀನಿ."

ಅವರ ದನಿಯಲ್ಲಿ ಹೊಗಳಿಕೆಯೂ ಇರಲಿಲ್ಲ, ತೆಗಳಿಕೆಯೂ ಇರಲಿಲ್ಲ. ಇನ್ನೊಮ್ಮೆ ಹೋಗಿ ಆ ಹೆಣ್ಣುಮಗಳ ಹೆಸರಲ್ಲಿ, ಅವಳ ಗಂಡನ ಹೆಸರಲ್ಲಿ ಹುಡುಕು ಎಂದರು. ಇದ್ದಾರೋ ಇಲ್ಲವೋ, ಇದ್ದರೆ ಎಲ್ಲಿ, ಅಷ್ಟನ್ನು ಬಂದು ಹೇಳು, ಅವರ ಹತ್ತಿರ ಏನನ್ನೂ ಕೇಳಲು ಹೋಗಬೇಡ, ಅದು ನನ್ನ ಕೆಲಸ ಎಂದರು. ಮತ್ತೆ ಏನೋ ನೆನಪಾದಂತೆ ತಲೆಯೆತ್ತಿದರು.

"ನಿಮ್ಮಕ್ಕ ಇನ್ನೂ ಏನೂ ಕೊಟ್ಟಿಲ್ಲ ತಾನೆ?"

ಅವಳು ತಲೆ ತಗ್ಗಿಸಿದಳು. ವಕೀಲರು ಒಳ್ಳೇದಾಯ್ತು ಎಂದು ಕಟ್ಟನ್ನು ಮುಚ್ಚಿದರು.

ದಾಖಲೆ ಕೋಣೆಯ ದಾರಿ ಅವಳ ಕಾಲಿಗೆ ಗೊತ್ತಿದ್ದದ್ದೇ. ಅಂದು ಎರಡು ಸಲ ತಪ್ಪು ತಿರುವಿನಲ್ಲಿ ಹೋದಳು. ಮೈಮೇಲೆ ನಿಜವಾದ ಇರುವೆಗಳೇ ಹರಿದಾಡಿದ ಹಾಗಿತ್ತು. ಗುಮಾಸ್ತ ಅವಳನ್ನು ಕಂಡವನೇ, ಏನಮ್ಮ ಇರುವೆ, ಇಷ್ಟು ಬೇಗ ಸಕ್ಕರೆ ಖಾಲಿಯಾಯ್ತಾ ಎಂದ. ಅವಳು ನಗಲಿಲ್ಲ. ಓಹೋ ಇವತ್ತು ಕಚ್ಚೋ ಇರುವೆ ಎನ್ನುತ್ತಾ ಅವನು ಬೀಗದ ಕೈ ತೆಗೆದುಕೊಂಡ.

ಉದ್ದ ಕಪಾಟುಗಳ ನಡುವೆ, ಒಂದೇ ಬಲ್ಬಿನ ಕೆಳಗೆ, ಅವಳು ಸೂಚಿ ಪುಸ್ತಕಗಳನ್ನು ಒಂದೊಂದಾಗಿ ಇಳಿಸಿದಳು. ಬೆರಳು ಹೆಸರುಗಳ ಮೇಲಿಂದ ಕೆಳಕ್ಕೆ ಇಳಿಯುತ್ತಿತ್ತು. ಒಂದು ಪುಸ್ತಕದಲ್ಲಿ ಇಲ್ಲ. ಇನ್ನೊಂದರಲ್ಲಿ ಇಲ್ಲ. ಪ್ರತಿ ಸಲ ಇಲ್ಲವೆಂದಾಗ ಎದೆ ಸ್ವಲ್ಪ ಹಗುರಾಗುತ್ತಿತ್ತು. ಸಿಗದಿರಲಿ ಎಂದು ಅವಳು ಹುಡುಕಿದ್ದು ಅದೇ ಮೊದಲು.

ಸಿಕ್ಕಿತು. ದರ್ಜಿಯೊಬ್ಬ ಊರಿನ ಇನ್ನೊಂದು ತುದಿಯಲ್ಲಿ ಅಂಗಡಿಯನ್ನೂ ಅದರ ಹಿಂದಿನ ಕೋಣೆಯನ್ನೂ ಬಾಡಿಗೆಗೆ ಹಿಡಿದ ಕರಾರು. ಅವನು ತೀರಿಕೊಂಡ ಮೇಲೆ ಅದೇ ಕರಾರು ಅವನ ಹೆಂಡತಿಯ ಹೆಸರಿಗೆ ಮುಂದುವರಿದಿತ್ತು. ಹೆಂಡತಿಯ ಹೆಸರು ಅದೇ. ತಂದೆಯ ಹೆಸರೂ ಅದೇ. ಕೊನೆಯ ಸಲ ಕರಾರು ಹೊಸದಾಗಿ ಬರೆಸಿದ್ದು ಈಚೆಗಷ್ಟೇ.

ಪುಸ್ತಕ ಮುಚ್ಚಿಬಿಟ್ಟರೆ ಮುಗಿಯಿತು ಎನಿಸಿತು. ಗುಮಾಸ್ತ ಬಾಗಿಲ ಬಳಿ ಕೂತು ಚಹಾ ಆರಿಸಿಕೊಳ್ಳುತ್ತಿದ್ದ. ವಕೀಲರು ಅವಳ ಮಾತನ್ನು ನಂಬುತ್ತಿದ್ದರು. ಅವಳು ಪುಸ್ತಕ ಮುಚ್ಚಿದಳು. ಕಪಾಟಿನವರೆಗೂ ಹೊತ್ತೊಯ್ದಳು. ಅಲ್ಲಿಂದ ತಿರುಗಿ ಬಂದು, ಅದೇ ಪುಟ ತೆಗೆದು, ನಿಂತುಕೊಂಡೇ ಬರೆದುಕೊಂಡಳು. ಇಷ್ಟು ದಿನ ಇದ್ದದ್ದನ್ನು ಇದ್ದ ಹಾಗೆ ಬರೆದ ಕೈ ಅದು. ಬರೆಯದೆ ಇರುವುದು ಅದಕ್ಕೆ ತಿಳಿಯಲಿಲ್ಲ.

ಕಚೇರಿಗೆ ಹಿಂದಿರುಗಿದಾಗ ವಕೀಲರು ಕೋರ್ಟಿಗೆ ಹೋಗಿದ್ದರು. ಮರುದಿನವೂ ಬರುವುದು ಸಂಜೆಗೆ ಎಂದು ಚೀಟಿ ಬರೆದಿಟ್ಟಿದ್ದರು. ಹಾಗಾಗಿ ಮೊದಲು ತಿಳಿದದ್ದು ಅಕ್ಕನಿಗೆ.

ಅಕ್ಕ ಪೂರ್ತಿ ಕೇಳಿದಳು. ಪಾತ್ರೆಗಳನ್ನು ಹಳೇ ಕಾಗದದಲ್ಲಿ ಸುತ್ತುತ್ತಿದ್ದ ಅವಳ ಕೈ ನಿಲ್ಲಲಿಲ್ಲ. ಆಮೇಲೆ ಬಹಳ ತಣ್ಣಗೆ ಕೇಳಿದಳು.

"ಆ ಸಾಲದ ಕಾಗದ ತಂದಿದ್ದು ಯಾರು?"

"ನಾನೇ."

"ತೀರಿಹೋದ ಸಾಲ. ಹರಿದ ಚಪ್ಪಲೀನ ಯಾರಾದ್ರೂ ಒಳಗೆ ತಗೊಂಡು ಬರ್ತಾರಾ? ಬಿಟ್ಟು ಬಂದಿದ್ರೆ ಯಾರಿಗೆ ಗೊತ್ತಾಗ್ತಿತ್ತು?"

ಅವಳು ನೆಲದಲ್ಲಿದ್ದ ಲೋಟವೊಂದನ್ನು ತೆಗೆದು ಕಾಗದದಲ್ಲಿ ಸುತ್ತತೊಡಗಿದಳು.

"ನೀನು ಪಾಸು ಮಾಡಿದೀಯ ಅಂತ ತಾನೆ ನಾನು ಕೊಟ್ಟಿದ್ದು? ಕಟ್ಟು ಕಟ್ತೀನಿ ಅಂದೆ. ಕಟ್ಟಿ ಆದ್ಮೇಲೆ ಇದೇನು ಹೊಸ ರಾಗ?"

"ನಾನು ಪಾಸು ಮಾಡೋಳಲ್ಲ ಅಕ್ಕ" ಎಂದಳು ಅವಳು. ಇಷ್ಟು ಕಾಲ ಬಾಯಿಂದ ಬಾರದ ಮಾತು ಇಷ್ಟು ಸಣ್ಣದಾಗಿತ್ತು. "ನಾನು ಹುಡುಕೋಳು. ನೋಡೋರು ಬೇರೆ."

"ಕಣ್ಣಿಲ್ಲದೆ ಹುಡುಕ್ತೀಯಾ? ಹುಡುಕೋವಾಗ ನೋಡೋದಿಲ್ವಾ?"

ಕಿಟಕಿಯ ಬಳಿಯಿಂದ ಭಾವ ಮಾತಾಡಿದ.

"ನಾನು ಬಿದ್ದಾಗ ಎಕ್ಸ್‌ರೇ ತೆಗೆದೋನು ನೆನಪಿದಾನಾ? ಏನಾಗಿದೆ ಹೇಳಪ್ಪ ಅಂತ ನೀನು ಅವನ ಕುತ್ತಿಗೆ ಪಟ್ಟಿ ಹಿಡಿಯೋದೊಂದು ಬಾಕಿ. ಡಾಕ್ಟ್ರು ಹೇಳ್ತಾರೆ ಅಂದ್ನಲ್ಲ. ಇವಳು ಆ ಎಕ್ಸ್‌ರೇಯೋನು ಕಣೇ. ಡಾಕ್ಟ್ರು ಅಲ್ಲಿ ಕೂತಿದಾರೆ."

"ಹಾಗಾದ್ರೆ ಇಷ್ಟು ದಿನ ಡಾಕ್ಟ್ರ ಥರ ಮುಖ ಮಾಡ್ಕೊಂಡು ಯಾಕೆ ಕೂತಿದ್ಲು?"

ಭಾವ ಕಿಟಕಿಯ ಕಡೆ ಕೈ ತೋರಿಸಿ, ಹೋದರೆ ಹೋಗಲಿ ಬಿಡು ಆ ಮನೆ, ಇಲ್ಲೇನು ಗಾಳಿ ಬೆಳಕಿಗೆ ಕಡಿಮೆಯೇ ಎಂದ. ಇಲ್ಲಿ ಎಂದರೆ ಎಲ್ಲಿ, ತಿಂಗಳ ಕೊನೆಗೆ ಈ ಗೋಡೆಯೂ ನಮ್ಮದಲ್ಲ, ನೀವು ಕೊನೆಯ ಸಲ ಬೀದಿಗೆ ಇಳಿದದ್ದು ಯಾವಾಗ ಹೇಳಿ ನೋಡೋಣ ಎಂದಳು ಅಕ್ಕ. ಭಾವ ಬಿಚ್ಚಿಟ್ಟಿದ್ದ ಫ್ಯಾನಿನ ರೆಕ್ಕೆಯೊಂದನ್ನು ತೆಗೆದುಕೊಂಡು, ಒರೆಸಿದ್ದನ್ನೇ ಮತ್ತೆ ಒರೆಸತೊಡಗಿದ.

ಅಕ್ಕ ಬಾಲ ಸುಟ್ಟ ಬೆಕ್ಕಿನ ಹಾಗೆ ಒಳಗೂ ಹೊರಗೂ ಒಂದೆರಡು ಸಲ ತಿರುಗಿದಳು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಇಳಿದುಹೋದಳು. ಹಿಂದಿರುಗಿದಾಗ ಕೈಯಲ್ಲಿ ಒಂದು ಲಕೋಟೆಯಿತ್ತು. ಮಾರುವವರನ್ನು ಕಂಡು ಬಂದಿದ್ದಳು. ಮೊದಲು ಅವರು ನನಗೆ ಅಕ್ಕ ಗಿಕ್ಕ ಯಾರೂ ಇಲ್ಲ ಎಂದರಂತೆ. ದರ್ಜಿಯ ಮಾತೆತ್ತಿದ ಮೇಲೆ, ಇದ್ದಾಳೆ, ಆದರೆ ಅವಳಿಗೆ ಕೊಡಬೇಕಾದ್ದನ್ನೆಲ್ಲ ಮದುವೆಯಲ್ಲೇ ಕೊಟ್ಟಾಗಿದೆ, ನಾವು ಮುಖ ನೋಡಿ ಎಷ್ಟೋ ಕಾಲವಾಯಿತು ಎಂದರಂತೆ. ಬಳಿಕ ಒಳಗೆ ಹೋಗಿ, ಮೊದಲೇ ಸಿದ್ಧವಾಗಿದ್ದ ಒಂದು ಕಾಗದ ತಂದುಕೊಟ್ಟರಂತೆ. ಆ ಮನೆಯಲ್ಲಿ ನನಗೆ ಇದ್ದ ಪಾಲನ್ನು ಸ್ವಸಂತೋಷದಿಂದ ಬಿಟ್ಟುಕೊಟ್ಟಿದ್ದೇನೆ ಎಂಬ ಪತ್ರ. ಅವಳು ಸಾಧು, ಹೆಂಗಸರು ಹೋಗಿ ಕೇಳಿದರೆ ಸಹಿ ಹಾಕುತ್ತಾಳೆ ಎಂದರಂತೆ.

"ಮೊದಲೇ ಬರೆಸಿಟ್ಟಿದ್ರಾ?" ಎಂದು ಭಾವ ಮಾತ್ರ ಕೇಳಿದ. ಅಕ್ಕ ಕೇಳಿಸದವಳಂತೆ ಲಕೋಟೆಯನ್ನು ತಲೆದಿಂಬಿನ ಕೆಳಗಿಟ್ಟಳು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು, ಅಷ್ಟೇ ತಾನೆ, ಒಂದು ಸಹಿ ಎಂದಳು. ನಾಳೆ ನೀನೂ ಬಾ ಎಂದಳು. ಅದು ಕೋರಿಕೆಯಾಗಿರಲಿಲ್ಲ. ಅಮ್ಮ ಹೋದ ದಿನದಿಂದ ಅವಳ ತಲೆ ಬಾಚಿ, ಬುತ್ತಿ ಕಟ್ಟಿ, ಜ್ವರಕ್ಕೆ ಪಟ್ಟಿ ಹಾಕಿದ ದನಿ ಅದು.

ಏನನ್ನೂ ಕೇಳಲು ಹೋಗಬೇಡ ಎಂದಿದ್ದರು ವಕೀಲರು. ದಾರಿಯುದ್ದಕ್ಕೂ ಅವಳು ಆ ಮಾತನ್ನು ಮಗ್ಗುಲು ಬದಲಿಸಿ ನೋಡಿದಳು. ನಾನು ಕೇಳುತ್ತಿಲ್ಲ, ಕೇಳುವವಳು ಅಕ್ಕ. ನಾನು ದಾರಿ ತೋರಿಸುತ್ತಿದ್ದೇನೆ, ಅಷ್ಟೇ. ಬಸ್ಸಿನಲ್ಲಿ ಸೀಟು ಸಿಕ್ಕರೂ ಅವಳು ಕೂರಲಿಲ್ಲ.

ಕಿರಿದಾದ ಬೀದಿ. ಬೀಗ ಮಾಡುವವನ ಅಂಗಡಿ, ಚಪ್ಪಲಿ ಹೊಲಿಯುವವನ ಅಂಗಡಿ, ಅದರ ಪಕ್ಕ ದರ್ಜಿಯದು. ಅಂಗಡಿಯಲ್ಲಿ ಈಗ ಬೇರೆ ಯಾರೋ ಗಂಡಸರು ಮಿಷನ್ ತುಳಿಯುತ್ತಿದ್ದರು. ಅಜ್ಜಿ ಹಿಂದೆ ಇದ್ದಾರೆ, ನಡೆಯಿರಿ ಎಂದರು.

ಹಿಂದಿನ ಕೋಣೆಯಲ್ಲಿ ಒಬ್ಬ ಮುದುಕಿ ಕಿಟಕಿಯ ಬೆಳಕಿಗೆ ಬೆನ್ನು ಕೊಟ್ಟು ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು. ಮೊಣಕಾಲ ಮೇಲೆ ಹೊಲಿದು ಮುಗಿಸಿದ ಅಂಗಿಗಳು, ಬದಿಯಲ್ಲಿ ಇನ್ನೂ ಹೊಲಿಯಬೇಕಾದವು. ಒಂದು ಮಂಚ, ಒಂದು ಸ್ಟೌ, ಗುಂಡಿ ತುಂಬಿದ ಗಾಜಿನ ಬಾಟಲಿಗಳ ಸಾಲು. ಎಲ್ಲವೂ ಅದರದರ ಜಾಗದಲ್ಲಿತ್ತು. ಹೊಲಿಸಲು ಬಂದವರೆಂದು ತಿಳಿದು, ಬಟ್ಟೆ ತಂದಿದ್ದೀರಾ ಎಂದು ಕೇಳಿದಳು. ಇಲ್ಲ, ನಿಮ್ಮ ತಮ್ಮನ ಕಡೆಯಿಂದ ಬಂದೆವು ಎಂದಳು ಅಕ್ಕ.

ಸೂಜಿ ನಿಂತಿತು. ಮುದುಕಿ ಅದನ್ನು ಅಂಗಿಯ ಎದೆಗೆ ಚುಚ್ಚಿ, ಅಂಗಿಯನ್ನು ಮಡಚಿ ಪಕ್ಕಕ್ಕಿಟ್ಟಳು. ಮಂಚದ ಮೇಲೆ ಕೂರಿ ಎಂದಳು. ತಮ್ಮ ಹೇಗಿದ್ದಾನೆ, ಚಳಿಗೆ ಅವನಿಗೆ ಕೆಮ್ಮು ಬರುತ್ತಿತ್ತು, ಈಗಲೂ ಬರುತ್ತದೆಯೇ ಎಂದು ಕೇಳಿದಳು. ಅಕ್ಕನಿಗೆ ಗೊತ್ತಿರಲಿಲ್ಲ. ಚೆನ್ನಾಗಿದ್ದಾರೆ ಎಂದಳು.

"ಎಲ್ಲಿದಾನೆ ಈಗ?"

"ಅದೇ ಮನೇಲಿ" ಎಂದುಬಿಟ್ಟಳು ಅಕ್ಕ.

"ಯಾವ ಮನೆ?"

"ನಿಮ್ಮ ಅಪ್ಪನ ಮನೆ."

ಮುದುಕಿ ಇಬ್ಬರ ಮುಖವನ್ನೂ ನೋಡಿದಳು. "ಬಾಡಿಗೆಗಿದಾನಾ?" ಎಂದಳು. "ಆ ಮನೆ ಹೋಯ್ತಲ್ಲ. ಅಪ್ಪ ಸತ್ತಾಗ ಸಾಲದೋರು ಕಿತ್ಕೊಂಡ್ರು. ಅವನೇ ಬಂದು ಹೇಳಿದ್ದು. ನಿನ್ನ ಮದುವೆ ಸಾಲ ಅಕ್ಕ, ಮನೆ ನುಂಗಿಬಿಡ್ತು ಅಂದ. ಇಲ್ಲೇ, ಈ ಬಾಗಿಲಲ್ಲೇ ನಿಂತು ಅತ್ತ. ಆಮೇಲೆ ನಾನು ಆ ಬೀದಿಗೆ ಕಾಲಿಟ್ಟಿಲ್ಲ. ಯಾವ ಮುಖ ಇಟ್ಕೊಂಡು ಹೋಗ್ಲಿ?"

ತಂಗಿಗೆ ಮಂಚದ ಅಂಚು ತೊಡೆಗೆ ಒತ್ತುತ್ತಿತ್ತು. ಕಣ್ಣ ಮುಂದೆ ಹಾಳೆಯೊಂದು ತಾನಾಗಿ ತೆರೆದುಕೊಂಡಿತು. ಸಾಲದ ಪತ್ರ, ಅದರ ಬೆನ್ನಿಗೆ ತೀರಿದ ಪತ್ರ. ಅಸಲು ಬಡ್ಡಿ ಪೂರ್ತಾ ಸಂದಾಯವಾಗಿದೆ, ಅದರ ಕೆಳಗೆ ಸಾಲ ಕೊಟ್ಟವರ ಸಹಿ, ಪಕ್ಕದಲ್ಲಿ ಬದುಕಿದ್ದ ಅಪ್ಪನ ಸಹಿ. ದಬ್ಬಳದಿಂದ ತೂತು ಹೊಡೆದವಳು ತಾನೇ, ಬಿಳಿ ದಾರ ಎಳೆದವಳು ತಾನೇ. ಓದಿದವಳಲ್ಲ. ಈಗ ಓದಿದಳು. ಬೇಡವೆಂದರೂ ಅಕ್ಷರ ಅಕ್ಷರವೂ ಕಾಣುತ್ತಿತ್ತು.

ಅಕ್ಕ ಲಕೋಟೆ ತೆಗೆದಳು. ಸಾಲದ ವಿಷಯ ಅವಳಿಗೂ ಗೊತ್ತಿತ್ತು. ತೀರಿಹೋದ ಸಾಲ ಎಂದು ನಿನ್ನೆ ಅವಳೇ ಅಂದಿದ್ದಳು. ಒಂದು ಸಣ್ಣ ಕೆಲಸವಾಗಬೇಕಿತ್ತು ಅಮ್ಮ, ಹಳೇ ಕಾಗದ ಸರಿ ಮಾಡಿಸುತ್ತಿದ್ದೇವೆ, ನಿಮ್ಮದೊಂದು ಸಹಿ ಬೇಕು, ಆಮೇಲೆ ಒಂದು ದಿನ ನಾವೇ ನಿಮ್ಮನ್ನು ಕಚೇರಿಗೆ ಕರೆದುಕೊಂಡು ಹೋಗುತ್ತೇವೆ ಎಂದಳು. ನಮ್ಮ ಯಜಮಾನರಿಗೆ ಕಾಲಿಲ್ಲದ ಹಾಗಾಗಿದೆ, ಮೆಟ್ಟಿಲಿಲ್ಲದ ಮನೆ ಬೇಕು ಎಂದೂ ಹೇಳಿದಳು. ಅದೊಂದು ನಿಜವಾಗಿತ್ತು. ಅದನ್ನು ಹೇಳುವಾಗ ಮಾತ್ರ ಅಕ್ಕನ ದನಿ ಒಡೆಯಿತು.

ಮುದುಕಿಗೆ ಕಾಲಿನ ಮಾತು ತಟ್ಟಿತು. ಅಯ್ಯೋ ಪಾಪ, ಎಲ್ಲಿಂದ ಬಿದ್ದ, ಮೂಳೆ ಕೂಡಲಿಲ್ಲವೇ ಎಂದು ವಿಚಾರಿಸಿದಳು. ತನ್ನಿಂದ ಹೋದ ಮನೆಗೆ ತನ್ನ ಸಹಿಯಿಂದ ಯಾರಿಗಾದರೂ ಒಳ್ಳೆಯದಾಗುವುದಾದರೆ ಹಾಕೋಣ, ಅದಕ್ಕೇನು ಎಂದಳು. ಅಕ್ಕ ಪೆನ್ನು ತೆರೆದು ಕೊಟ್ಟಳು. ಮುದುಕಿ ಪೆನ್ನು ಹಿಡಿದು ಕಾಗದವನ್ನು ಮೊಣಕಾಲ ಮೇಲೆ ಹರಡಿದಳು, ಬೆಳಕಿಗೆ ತಿರುಗಿಸಿದಳು, ದೂರ ಹಿಡಿದಳು, ಹತ್ತಿರ ತಂದಳು. ಆಮೇಲೆ ನಕ್ಕಳು.

"ಈ ಕನ್ನಡಕ ಸೂಜಿಗೆ ಸಾಕಾಗತ್ತೆ, ಅಕ್ಷರಕ್ಕೆ ಸಾಲಲ್ಲ. ನೀನು ಓದಿದೋಳ ಹಾಗೆ ಕಾಣ್ತೀಯ ಮಗಳೇ. ಇದರಲ್ಲಿ ಏನಿದೆ ಅಂತ ಓದಿ ಹೇಳು."

ಕಾಗದ ಅವಳ ಕೈಗೆ ಬಂತು. ಅಕ್ಕ ಗುಂಡಿಗಳ ಬಾಟಲಿಯ ಕಡೆ ನೋಡುತ್ತಿದ್ದಳು. ಅಲ್ಲೆಲ್ಲೋ, ಮೂರನೇ ಅಂತಸ್ತಿನಲ್ಲಿ, ಪೆಟ್ಟಿಗೆಗಳ ನಡುವೆ ಭಾವ ಫ್ಯಾನಿನ ರೆಕ್ಕೆ ಒರೆಸುತ್ತಾ ಕಿಟಕಿಯ ಕೆಳಗಿನ ಬೀದಿಯನ್ನು ನೋಡುತ್ತಿರಬೇಕು. ಮುಂದಿನ ಅಂಗಡಿಯಲ್ಲಿ ಮಿಷನ್ನಿನ ಸದ್ದು ನಿಂತಿತು, ಮತ್ತೆ ಶುರುವಾಯಿತು. ಅವಳು ತಲೆ ತಗ್ಗಿಸಿದಳು. ಈ ಸಲ ತಗ್ಗಿಸಿದ ಕಡೆ ಕಾಗದವಿತ್ತು.

ಮುದುಕಿ ಪೆನ್ನನ್ನು ಇನ್ನೂ ಹಿಡಿದೇ ಇದ್ದಳು. ಇನ್ನೊಂದು ಕೈಯಿಂದ ಮಡಿಲಲ್ಲಿದ್ದ ದಾರದ ಚೂರುಗಳನ್ನು ಕೊಡವಿಕೊಂಡು, ಕೇಳಿಸಿಕೊಳ್ಳಲು ಸ್ವಲ್ಪ ಮುಂದಕ್ಕೆ ಬಾಗಿದಳು.

"ಓದಮ್ಮ" ಎಂದಳು. "ನಿಧಾನವಾಗಿ ಓದು, ನಂಗೇನೂ ಅವಸರ ಇಲ್ಲ."